ಪೆಟ್ಟಿಗೆ ಬಂತಾ, ಅಲ್ಲಾವುದ್ದೀನ್?

11 ಜನವರಿ 1974, ಶುಕ್ರವಾರ

ಪಿಕ್ಚರ್ ಬದಲಾಗುವ ದಿನ. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದೆ. ಜಟಕಾದ ಮೇಲೆ ಮೈಕಿನ ಹಾರ್ನ್ ಕಟ್ಟಿದೆ, ಬ್ಯಾಟರಿ ಸೀಟಿನ ಕೆಳಗೆ ಇಟ್ಟೆ. ಹುಸೇನ್ ಕುದುರೆ ಹೂಡಿದ. ಶಿಕಾರಿಪುರದ ಕೇರಿ ಕೇರಿ ಸುತ್ತಿ, ಆಮೇಲೆ ಅಂಜನಾಪುರ, ಆಮೇಲೆ ಈಸೂರು. ‘ಮಹಾಜನಗಳೇ...’ ಅಂದರೆ ಸಾಕು, ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಾರೆ. ಜಂಭ ಇದೆ ನನಗೆ, ಇಲ್ಲ ಅನ್ನುವುದಿಲ್ಲ. ಟೂರಿಂಗ್ ಟೆಂಟು ಗೋಪಾಲಪ್ಪನದು, ಮೈಕು ಗೋಪಾಲಪ್ಪನದು. ಗಂಟಲು ಮಾತ್ರ ನನ್ನದು.

ಈ ವಾರದ್ದು ಪೂರ್ತಿ ಕಲರ್ ಅಂತೆ. ‘ಪೆಟ್ಟಿಗೆ ಬಂದೈತಾ ಸಾವ್ಕಾರ್ರೇ?’ ಅಂತ ಹೊರಡುವ ಮೊದಲು ಗೋಪಾಲಪ್ಪನನ್ನು ಕೇಳಿದೆ. ರೀಲಿನ ಪೆಟ್ಟಿಗೆ ಶಿವಮೊಗ್ಗದ ಬಸ್ಸಿನ ಟಾಪಿನ ಮೇಲೆ ಬರಬೇಕು, ಅದಕ್ಕೇ ಕೇಳಿದ್ದು.

‘ನಿನಗ್ಯಾಕಲೇ ಪೆಟ್ಟಿಗೆ ಉಸಾಬರಿ? ಕೂಗು ಅಂದ್ರೆ ಕೂಗು.’

ಕೂಗಿದೆ. ಈಸೂರಿನಲ್ಲಿ ಚಿಕ್ಕಬೀರಪ್ಪ ಗಾಡಿ ಕಟ್ಟುತ್ತೇನೆ ಅಂದ. ಅವನ ಅವ್ವ ಹುಲಿಯಮ್ಮ ಇದುವರೆಗೆ ಬಣ್ಣದ ಪಿಕ್ಚರ್ ನೋಡಿಯೇ ಇಲ್ಲವಂತೆ. ‘ನೀ ಹೇಳಿದಿ ಅಂದ ಮೇಲೆ ಮುಗೀತು ಬಿಡು’ ಅಂದ.

12 ಜನವರಿ, ಬೆಳಿಗ್ಗೆ

ನಿನ್ನೆ ಪೆಟ್ಟಿಗೆ ಬರಲೇ ಇಲ್ಲ. ಮೂಲೆಯಲ್ಲಿದ್ದ ಹಳೇ ಪಿಕ್ಚರ್ ಹಾಕಿದರು. ಬಣ್ಣವೂ ಇಲ್ಲ, ಬಿಳಿ ಕೂಡ ನೆಟ್ಟಗಿಲ್ಲ, ಬರೀ ಬೂದಿ.

ಬಣ್ಣ ಈಗ ಬಂದೀತು ಅಂತ ಅರ್ಧದ ತನಕ ಕಾದು ಜನ ಎದ್ದರು. ಗಲಾಟೆ. ಗೋಪಾಲಪ್ಪ ಬೆಂಚಿನ ಮೇಲೆ ಹತ್ತಿ ನಿಂತ. ನನ್ನ ಕಡೆ ಕೈ ತೋರಿಸಿದ. ‘ಕಲರ್ ಅಂತ ನಾನ್ ಹೇಳೇ ಇಲ್ರಪ್ಪಾ! ಇವನೇ ಜನ ಬರ್ಲಿ ಅಂತ ಕೂಗ್ಯಾನೆ!’

ಎಲ್ಲರೂ ನನ್ನನ್ನು ನೋಡಿದರು. ಊರಿಗೆಲ್ಲ ಕೇಳುವ ಬಾಯಿ, ಬೇಕಾದಾಗ ಬಿಚ್ಚಲಿಲ್ಲ.

ಹೊರಗೆ ಹುಲಿಯಮ್ಮನನ್ನು ಗಾಡಿ ಹತ್ತಿಸುತ್ತಿದ್ದರು. ಮುದುಕಿ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ‘ಎಲ್ಲಾರಿಗೂ ಬಣ್ಣ ಕಾಣ್ತೈತೆ, ನನ್ನ ಕಣ್ಣೇ ಹೋದವೇನೋ ಅಂತ ಸುಮ್ಕೆ ಕುಂತಿದ್ನಪ್ಪಾ’ ಅಂದಳು.

ಅರ್ಧ ಪಿಕ್ಚರಿನ ತನಕ ಹಾಗೇ ಕೂತಿದ್ದಳಂತೆ, ಯಾರಿಗೂ ಹೇಳದೆ.

13 ಜನವರಿ

ಇವತ್ತಿನದು ಇನ್ನೂ ಚೆಂದ. ಗೋಪಾಲಪ್ಪ ಕರೆಸಿದ. ಊರಲ್ಲಿ ಟೆಂಟಿನ ಹೆಸರು ಕೆಟ್ಟಿದೆಯಂತೆ. ಸರಿಮಾಡಬೇಕಂತೆ. ಯಾರು? ನಾನು. ಹೇಗೆ? ಮೈಕಿನಲ್ಲಿ.

‘ಮಹಾಜನಗಳೇ, ಬಣ್ಣದ ಪಿಕ್ಚರ್ ಎಂದು ತಪ್ಪಾಗಿ ಸಾರಿದವನು ನಾನು, ಅಲ್ಲಾವುದ್ದೀನ್. ಟೆಂಟಿನವರ ತಪ್ಪೇನೂ ಇಲ್ಲ.’

ಕೂಗಿದೆ. ಹೌದು, ಕೂಗಿದೆ! ಕೇರಿ ಕೇರಿ ಸುತ್ತಿ, ಅಂಜನಾಪುರ, ಈಸೂರು. ಅದೇ ಹಾರ್ನ್, ಅದೇ ಗಂಟಲು. ಬೇರೆಯವರ ಬಾಯಿಂದ ಬೈಸಿದ್ದರೆ ಸಹಿಸುತ್ತಿದ್ದೆ, ನನ್ನ ಬಾಯಿಂದಲೇ ನನ್ನ ಮರ್ಯಾದೆ ತೆಗೆಸಿದ. ಹುಸೇನ್ ಹಿಂದೆ ತಿರುಗಿ ನೋಡಲೇ ಇಲ್ಲ, ಕುದುರೆಯ ಕಿವಿ ನೋಡುತ್ತ ಗಾಡಿ ಹೊಡೆದ. ನಾಳೆಯೇ ಕೆಲಸ ಬಿಡುತ್ತೇನೆ. ಖಂಡಿತ.

29 ಜನವರಿ

ಬಿಟ್ಟಿಲ್ಲ.

ಬರೆಯಲೂ ಮನಸ್ಸಿರಲಿಲ್ಲ. ಏನು ಬರೆಯುವುದು? ಇನ್ನೂ ಅಲ್ಲೇ ಇದ್ದೇನೆ ಅಂತಲೇ?

ಇವತ್ತು ಪೋಸ್ಟರ್ ಅಂಟಿಸುವ ನೆಪದಲ್ಲಿ ಸೊರಬಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ನಾಗರಾಜಪ್ಪ ಸಿಕ್ಕಿದ. ಹಳೇ ಪರಿಚಯ. ಎರಡು ಗ್ಲಾಸ್ ಚಹಾ ತರಿಸಿ ನೇರ ವಿಷಯಕ್ಕೇ ಬಂದ.

‘ನಮ್ ಸ್ಟ್ಯಾಂಡಿಗೆ ಒಂದು ಒಳ್ಳೇ ಗಂಟಲು ಬೇಕು ಮಾರಾಯ. ಬಂದ್ಬಿಡು. ಬಸ್ ಹೊರಡೋವಾಗ ಊರು ಹೆಸರು ಕೂಗೂದು, ಲಗೇಜು ಇಳಸೂದು, ಅಷ್ಟೇಯ.’

‘ಮೈಕ್ ಇದೆಯಾ?’

‘ಮೈಕು ಎಂತಕೆ? ಸಾಗರ ಸಾಗರ ಅನ್ನೂಕೆ ಮೈಕು ಬೇಕಾ?’

ನಕ್ಕೆ. ಬರುವ ದಾರಿಯಲ್ಲೆಲ್ಲ ಅದೇ ಯೋಚನೆ. ಟೆಂಟಿನಲ್ಲಿ ನಾನು ಹೀರೋ ಬರುವುದನ್ನು ಸಾರುವವನು. ಅಲ್ಲಿ ಬೆಳಗಿನಿಂದ ಸಂಜೆಯ ತನಕ ಸಾಗರ, ಸಾಗರ, ಸಾಗರ. ಅಷ್ಟು ಸಣ್ಣವನಾಗಬೇಕಾ?... ಈ ಮೈಕಿನ ಚಟ ನನಗೆ ಬೀಡಿಗಿಂತ ಕೆಟ್ಟದ್ದು.

8 ಫೆಬ್ರವರಿ

ಅಂಜನಾಪುರದಲ್ಲಿ ಇವತ್ತು ಒಬ್ಬ ಹೆಂಗಸು ಕೊಡ ಕೆಳಗಿಳಿಸಿ ಕೇಳಿದಳು — ‘ಇದು ಖರೇನೋ, ಹೋದ ಸಲದ ಹಂಗೋ?’ ಸುತ್ತ ಇದ್ದವರು ನಕ್ಕರು. ಹುಸೇನ್ ಕೂಡ ನಕ್ಕ, ಆಮೇಲೆ ಕೆಮ್ಮಿದ ಹಾಗೆ ಮಾಡಿದ.

ಮೊದಲು ನನ್ನ ಕೂಗು ಕೇಳಿ ಗಾಡಿ ಕಟ್ಟುತ್ತಿದ್ದರು. ಈಗ ಕೂಗು ಕೇಳಿ ನಗುತ್ತಾರೆ. ಗೋಪಾಲಪ್ಪನಿಗೆ ಏನು? ಅವನು ಪೆಟ್ಟಿಗೆ ಬದಲಾಯಿಸುತ್ತಾನೆ, ಪೋಸ್ಟರ್ ಬದಲಾಯಿಸುತ್ತಾನೆ. ನಾನು ಗಂಟಲು ಬದಲಾಯಿಸಲಿಕ್ಕೆ ಆಗುತ್ತದೆಯೇ?

17 ಫೆಬ್ರವರಿ

ಶಿವರಾತ್ರಿ ಹತ್ತಿರ ಬಂತು. ಜಾಗರಣೆಗೆ ಟೆಂಟಿನಲ್ಲಿ ರಾತ್ರಿಯಿಡೀ ಆಟ. ಪ್ರತಿ ವರ್ಷ ಹಳ್ಳಿಗಳಿಂದ ಗಾಡಿ ಗಾಡಿ ಜನ ಬರುತ್ತಾರೆ, ಉಪವಾಸದವರು, ಮುದುಕಿಯರು, ಕೂಸು ಕಟ್ಟಿಕೊಂಡ ಹೆಂಗಸರು. ಶಿವನ ಪಿಕ್ಚರ್ ನೋಡುತ್ತ ಜಾಗರಣೆ ಮಾಡಿದರೆ ಪುಣ್ಯಕ್ಕೆ ಪುಣ್ಯ, ನಿದ್ದೆಯೂ ಬರುವುದಿಲ್ಲ.

‘ಈ ಸಲ ಶಿವನ ಪಿಚ್ಚರ್, ಪೂರ್ತಿ ಕಲರ್. ಶಿವನಾಣೆ ಬರ್ತೈತೆ’ ಅಂದ ಗೋಪಾಲಪ್ಪ. ಶಿವನ ಮೇಲೆಯೇ ಆಣೆ ಇಟ್ಟ ಮೇಲೆ ನಾನೇನು ಹೇಳಲಿ.

ಮನೆಗೆ ಬಂದು ಹಾರಾಡಿದೆ. ಕೆಲಸ ಬಿಡುತ್ತೇನೆ, ಮುಖಕ್ಕೆ ಹೊಡೆದ ಹಾಗೆ ಹೇಳಿ ಬರುತ್ತೇನೆ, ಅದು ಇದು. ಹೆಂಡತಿ ಕುಬ್ರಾ ರೊಟ್ಟಿ ತಟ್ಟುತ್ತಿದ್ದಳು. ನಮ್ಮ ಮನೆಮಾತು ಉರ್ದುವಿನಲ್ಲಿ ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗೆ — ‘ಒಂದು ತಿಂಗಳಿಂದ ನನ್ನ ಹತ್ರ ಕೂಗ್ತಿದೀರಿ. ಅವನ ಎದುರು ಉಸಿರೆತ್ತಲ್ಲ. ನಾನೇನು ನಿಮ್ಮ ಸಾವ್ಕಾರನಾ?’

ರೊಟ್ಟಿ ತಿಂದೆ. ಬೇರೆ ಏನು ಮಾಡಲಿ.

20 ಫೆಬ್ರವರಿ, ಶಿವರಾತ್ರಿ, ಮಧ್ಯಾಹ್ನ

ಶಿವಮೊಗ್ಗದ ಬಸ್ಸು ಬಂತು. ನಾನೇ ಟಾಪ್ ಹತ್ತಿ ನೋಡಿದೆ. ಬಾಳೆಗೊನೆ, ಒಂದು ಟ್ರಂಕು, ಕೋಳಿಬುಟ್ಟಿ. ಪೆಟ್ಟಿಗೆ ಇಲ್ಲ.

ಗೋಪಾಲಪ್ಪ ಫೋನ್ ಮಾಡಿ ಬಂದ. ಪೆಟ್ಟಿಗೆ ಇನ್ನೊಂದು ಊರಿನ ಟೆಂಟಿನಲ್ಲಿದೆ. ಅವರು ಶಿವರಾತ್ರಿಗೆ ಬಿಡುತ್ತಾರೆಯೇ? ಇಲ್ಲ. ಇಲ್ಲಿ ಇರುವುದು ಹೋದ ವಾರದ ಹೊಡೆದಾಟದ್ದೇ, ಕುಣಿತದ ಹಾಡುಗಳ ಸಮೇತ.

‘ಈಗ ಏನು ಕೂಗಲಿ?’

‘ಶಿವನ ಪಿಚ್ಚರ್ ಅಂತಲೇ ಕೂಗು.’

‘ಬಂದು ಕೇಳಿದ್ರೆ?’

ಎಲೆಅಡಿಕೆಯ ಕವಳ ಉಗಿದು ಬಂದು ನಿಧಾನಕ್ಕೆ ಹೇಳಿದ. ‘ಗಾಡಿ ಬಿಟ್ಟು ಒಳಗೆ ಕುಂತ ಮೇಲೆ ರಾತ್ರಿಯಾಗೆ ಎಲ್ಲಿಗ್ ಹೋಗ್ತಾರಲೇ? ಬೈದರೆ ನಿನ್ನ ಬೈತಾರೆ. ನಿನಗೆ ರೂಢಿ ಐತಲ್ಲ.’

ರೂಢಿ ಅಂತೆ! ಹುಸೇನ್ ಕುದುರೆ ಹೂಡುತ್ತಿದ್ದಾನೆ.

ಅದೇ ದಿನ, ದೀಪ ಹಚ್ಚುವ ಹೊತ್ತು

ಕೂಗಿದೆ. ಆಹಾ, ಹೇಗೆ ಕೂಗಿದೆ!

ಊರ ಗಡಿ ದಾಟುವ ತನಕ ಸುಮ್ಮನಿದ್ದೆ. ಕೆರೆ ದಂಡೆ ಬಂತು. ಹುಸೇನ್ ‘ಶುರು ಮಾಡೋ’ ಅಂದ. ಮೈಕ್ ಹಿಡಿದೆ. ‘ಮಹಾಜನಗಳೇ, ನಾನು ಅಲ್ಲಾವುದ್ದೀನ್. ಶಿವನ ಪಿಕ್ಚರಿನ ಪೆಟ್ಟಿಗೆ ಬಂದಿಲ್ಲ. ಟೆಂಟಿನಲ್ಲಿ ಇವತ್ತು ಹೊಡೆದಾಟದ ಪಿಕ್ಚರ್, ಹೋದ ವಾರದ್ದೇ. ಬೇಕಾದವರು ತಿಳಿದು ಬನ್ನಿ. ಜಾಗರಣೆಗೆ ಅಂತ ಬರುವವರು ಬರಬೇಡಿ.’

ಹುಸೇನ್ ಲಗಾಮು ಎಳೆದ. ಕುದುರೆ ನಿಂತಿತು. ‘ಲೇ, ತಲೆ ಕೆಟ್ಟೈತೇನೋ?’ ಅಂದ. ‘ಹೊಡಿ ಗಾಡಿ’ ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿದ, ಆಮೇಲೆ ಚಾವಟಿ ಆಡಿಸಿದ ನೋಡಿ, ಜಟಕಾ ಹಾರಿತು.

ಈಸೂರಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಚಾಪೆ ಹಾಸಿ, ಕಂಬಳಿ ಹೊದಿಸಿ, ಎತ್ತು ಹೂಡಿ ಆಗಿತ್ತು. ಹುಲಿಯಮ್ಮ ಆಗಲೇ ಹತ್ತಿ ಕೂತಿದ್ದಳು. ಕೂಗಿದೆ. ಮತ್ತೆ ಕೂಗಿದೆ. ಚಿಕ್ಕಬೀರಪ್ಪ ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡೆ.

‘ಮೊನ್ನೆ ಕಲರ್ ಅಂತ ನಿನಗೆ ಹೇಳಿದ್ದೂ ಅವನೇ ಅಲ್ಲೇನೋ?’

‘ಹೂಂ.’

‘ಅವತ್ತೇ ಹೇಳಾಕೆ ಏನಾಗಿತ್ತು ನಿನಗೆ?’

ಇಷ್ಟು ಅಂದು ಚಿಕ್ಕಬೀರಪ್ಪ ಹೋಗಿ ಎತ್ತು ಬಿಚ್ಚಿದ. ಒಬ್ಬೊಬ್ಬರಾಗಿ ಎಲ್ಲರೂ ಬಿಚ್ಚಿದರು. ಹುಡುಗರ ಒಂದು ಗುಂಪು ಮಾತ್ರ ಹೊಡೆದಾಟ ಅಂದ ಕೂಡಲೇ ಸೈಕಲ್ ಹತ್ತಿತು! ಅವರಿಗೂ ನಿಜವನ್ನೇ ಹೇಳಿದ್ದೇನಲ್ಲ, ಹೋಗಲಿ ಬಿಡಿ. ಉಳಿದವರು ಗುಡಿಯಲ್ಲೇ ಭಜನೆ ಅಂತ ಮಾತಾಡಿಕೊಂಡರು. ಹುಲಿಯಮ್ಮ ಗಾಡಿಯಿಂದ ಇಳಿಯುತ್ತ ನನಗೆ ಒಂದು ಹಿಡಿ ತಂಬಿಟ್ಟು ಕೊಟ್ಟಳು. ದಾರಿಯಲ್ಲಿ ನಾನೂ ಹುಸೇನನೂ ಹಂಚಿಕೊಂಡು ತಿಂದೆವು.

21 ಫೆಬ್ರವರಿ

ಬೆಳಿಗ್ಗೆ ನಾನೇ ಹೋದೆ, ಕರೆಸುವ ತನಕ ಕಾಯಲಿಲ್ಲ. ಮೈಕು, ಹಾರ್ನ್, ಬ್ಯಾಟರಿ ಒರೆಸಿ ಅವನ ಮೇಜಿನ ಮೇಲೆ ಇಟ್ಟೆ. ಗೋಪಾಲಪ್ಪನ ಕಣ್ಣು ಕೆಂಪಗಿದ್ದವು. ಟೆಂಟು ಅರ್ಧ ಖಾಲಿಯಿತ್ತಂತೆ.

‘ನನ್ನ ಮೈಕಿನಾಗೆ ನನ್ನ ಮೇಲೇ ಕೂಗ್ತೀಯೇನಲೇ? ಈಗಿಂದೀಗ್ಲೇ ನಿನ್ನ ಕೆಲಸದಿಂದ ತೆಗೀತೀನಿ!’

‘ತೆಗಿಯಾಕೆ ಕೆಲಸ ಎಲ್ಲೈತಿ ಸಾವ್ಕಾರ್ರೇ? ನಿನ್ನೆ ಕೆರೆ ದಂಡೆ ಮೇಲೇ ಬಿಟ್ಟೆ.’

ಮೈಕಿಲ್ಲದೇ ಹೇಳಿದೆ. ಬೀದಿಯ ಆ ಕಡೆಯ ಹೋಟೆಲಿನ ತನಕ ಕೇಳಿಸಿತಂತೆ. ಕುಬ್ರಾಗೆ ಹೇಳಿದರೆ ಅವಳು ಕೇಳಿದ್ದು ಒಂದೇ ಮಾತು — ‘ಸೊರಬದಲ್ಲಿ ಬಾಡಿಗೆ ಮನೆ ಸಿಗ್ತದಾ?’

6 ಮಾರ್ಚ್, ಸೊರಬ

ಸಾಗರ ಸಾಗರ ಸಾಗರ. ಶಿರಾಳಕೊಪ್ಪ ಶಿರಾಳಕೊಪ್ಪ. ಗಂಟಲು ಹೊಸ ದಾರಿಗೆ ಬಿದ್ದಿದೆ. ಇಲ್ಲಿ ಹೆಂಗಸರು ಬಾಗಿಲಿಗೆ ಓಡಿ ಬರುವುದಿಲ್ಲ, ನಿಜ. ಮೈಕಿನ ನೆನಪು ಆಗುತ್ತದೆ, ಅದೂ ನಿಜ. ಆದರೆ ಸಾಗರ ಅಂತ ಕೂಗಿದರೆ ಬಸ್ಸು ಸಾಗರಕ್ಕೇ ಹೋಗುತ್ತದೆ. ಹತ್ತಿದವರು ತಿರುಗಿ ಬಂದು ಕೊರಳಪಟ್ಟಿ ಹಿಡಿಯುವುದಿಲ್ಲ. ಈ ಸುಖ ಗೋಪಾಲಪ್ಪನಿಗೆ ಗೊತ್ತಿಲ್ಲ.

29 ಮಾರ್ಚ್

ಯುಗಾದಿ ಮುಗಿಯಿತು. ಯಾರು ಬಂದಿಳಿದಿದ್ದಾರೆ ಸೊರಬಕ್ಕೆ? ಟೆಂಟು ಸಮೇತ ಗೋಪಾಲಪ್ಪ! ಶಿಕಾರಿಪುರದಲ್ಲಿ ಲೈಸೆನ್ಸ್ ಮುಗಿದಿದೆ. ಹೊಸ ಗಂಟಲು ಒಂದನ್ನು ಹಿಡಿದು ತಂದಿದ್ದಾನೆ, ಎಲ್ಲ ಪಿಕ್ಚರನ್ನೂ ‘ಅದ್ಭುತ’ ಅನ್ನುತ್ತದೆ. ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋಗುವಾಗ ಗೋಪಾಲಪ್ಪ ನನ್ನನ್ನು ನೋಡಿಯೂ ನೋಡದ ಹಾಗೆ ಹೋದ. ನಾನು ಬೇಕೆಂದೇ ಇನ್ನೂ ಜೋರಾಗಿ ಸಾಗರ ಅಂದೆ.

5 ಏಪ್ರಿಲ್

ಅವನು ಒಂದು ಲೆಕ್ಕ ಮರೆತಿದ್ದಾನೆ. ಪೆಟ್ಟಿಗೆ ಬರುವುದು ಬಸ್ಸಿನಲ್ಲಿ. ಬಸ್ಸಿನ ಟಾಪಿನಿಂದ ಇಳಿಸುವವನು ನಾನು.

ಮೊದಲು ಹೋಟೆಲಿನವನು ಕೇಳಿದ, ಆಮೇಲೆ ಮಂಡಿಯ ಹಮಾಲರು. ಈಗ ಸಂಜೆಯಾದರೆ ಸಾಕು, ಯಾರಾದರೊಬ್ಬರು ಬಂದು ‘ಪೆಟ್ಟಿಗೆ ಬಂತನಾ ಅಲ್ಲಾವುದ್ದೀನ್?’ ಅನ್ನುತ್ತಾರೆ. ಬಂದಿದ್ದರೆ ಬಂತು ಅನ್ನುತ್ತೇನೆ. ಇಲ್ಲದಿದ್ದರೆ ಇಲ್ಲ. ಅಷ್ಟೇ. ಹೊಸ ಗಂಟಲು ಊರೆಲ್ಲ ಸುತ್ತಿ ಅದ್ಭುತ ಅನ್ನುತ್ತಿದೆ, ಜನ ಇಲ್ಲಿಗೆ ಬಂದು ಕೇಳಿಕೊಂಡು ಹೋಗುತ್ತಾರೆ.

12 ಏಪ್ರಿಲ್, ಶುಕ್ರವಾರ, ಸಂಜೆ ಬಸ್ಸಿಗೆ ಮೊದಲು

ಬಸ್ ಸ್ಟ್ಯಾಂಡಿನಲ್ಲೇ ಕೂತು ಬರೆಯುತ್ತಿದ್ದೇನೆ. ಬೆಂಚಿನ ಆ ತುದಿಯಲ್ಲಿ ಗೋಪಾಲಪ್ಪ ಕೂತಿದ್ದಾನೆ. ಹೌದು, ಅವನೇ. ತಾನಾಗಿ ನಡೆದು ಬಂದ.

‘ಬಾರಯ್ಯಾ ವಾಪಸ್. ಜನ ಬರ್ತಿಲ್ಲ. ಮೈಕು ನಿನಗೇ ಕೊಡ್ತೀನಿ.’

ಗಂಟಲು ಒಂದು ಸಲ ತುಡಿಯಿತು. ತುಡಿಯಲಿಲ್ಲ ಅನ್ನಲಾರೆ.

‘ಬರಲ್ಲ ಸಾವ್ಕಾರ್ರೇ.’

‘ಹೋಗ್ಲಿ, ಇವತ್ತೊಂದಿನ. ಕೇಳಿದೋರಿಗೆ ಬಂತು ಅನ್ನು. ಪೂರ್ತಿ ಕಲರ್ ಅನ್ನು.’

‘ಪೆಟ್ಟಿಗೆ ಬಂದೈತಾ?’

‘ಬರ್ತೈತೆ.’

‘ಬರ್ಲಿ. ಎಲ್ಲರ ಮುಂದೆ ಇಲ್ಲೇ ಬಿಚ್ರಿ. ರೀಲಿನ ತುದಿ ಬಿಸಿಲಿಗೆ ಹಿಡೀರಿ. ಬಣ್ಣ ಕಂಡರೆ ಸೊರಬಕ್ಕೆಲ್ಲ ಕೇಳೋ ಹಂಗೆ ಕೂಗ್ತೀನಿ, ಮೈಕೂ ಬ್ಯಾಡ.’

‘ಕಾಣದಿದ್ರೆ?’

‘ಅದನ್ನೂ ಕೂಗ್ತೀನಿ.’

ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ.

ಅಷ್ಟರಲ್ಲಿ ಶಿರಾಳಕೊಪ್ಪದ ಬಸ್ಸು ಬಂತು. ಚಿಕ್ಕಬೀರಪ್ಪ ಇಳಿದ, ಹಿಂದೆಯೇ ಹುಲಿಯಮ್ಮ. ಸೊರಬದಲ್ಲಿರುವ ಮಗಳ ಮನೆಗೆ ಬಂದವರು. ಮುದುಕಿ ನನ್ನ ದನಿಯಿಂದಲೇ ಗುರುತು ಹಿಡಿದಳು. ‘ಇಲ್ಲಿ ಬಣ್ಣದ್ದು ಐತಂತಲ್ಲೋ, ಹೌದಾ?’

‘ಗೊತ್ತಿಲ್ಲಜ್ಜಿ. ಪೆಟ್ಟಿಗೆ ಬರಬೇಕು. ಬಂದ್ರೆ ಮೊದಲು ನಿನ್ನ ಕೈಗೇ ಕೊಡಸ್ತೀನಿ, ನೀನೇ ನೋಡಿ ಹೇಳು.’

ಬೆಂಚಿನ ಈ ತುದಿಯಲ್ಲಿ ಅವಳು ಕೂತಿದ್ದಾಳೆ, ಆ ತುದಿಯಲ್ಲಿ ಗೋಪಾಲಪ್ಪ, ನಡುವೆ ನಾನು. ಹೋಟೆಲಿನವನು, ಹಮಾಲರು, ನಾಗರಾಜಪ್ಪ, ಎಲ್ಲರೂ ಸುತ್ತ ನಿಂತಿದ್ದಾರೆ. ಬಿಸಿಲು ಇನ್ನೂ ಚೆನ್ನಾಗಿದೆ.

ಬಸ್ಸಿನ ಹಾರ್ನ್ ಕೇಳಿಸಿತು. ಶಿವಮೊಗ್ಗದ್ದೇ. ಅಜ್ಜಿ ಕೋಲು ಊರಿ ಎದ್ದಳು, ಗೋಪಾಲಪ್ಪನೂ ಎದ್ದ. ಬಸ್ಸು ತಿರುವಿನಲ್ಲಿ ಕಾಣಿಸುತ್ತಿದೆ, ಟಾಪಿನ ಮೇಲೆ ಏನಿದೆಯೋ ಇನ್ನೂ ಗೊತ್ತಾಗುತ್ತಿಲ್ಲ. ಬರೆಯುವುದು ಸಾಕು, ಹತ್ತಿ ನೋಡಿ ಇದ್ದದ್ದನ್ನೇ ಕೂಗುತ್ತೇನೆ.