ಆ ಗೋಲು ಬಡತನದ್ದಲ್ಲ, ಮೇಷ್ಟ್ರೇ

ಡ್ರಿಲ್ ಮೇಷ್ಟ್ರೇ,

ಕಾಲಿಗೆ ನಮಸ್ಕಾರ ಅಂತ ಶುರುಮಾಡಿದರೆ "ಕಾಲು ಇರೋದು ಓಡೋಕೆ ಕಣೋ, ಬೀಳೋಕಲ್ಲ" ಅಂತ ಬೈಯುತ್ತಿದ್ದಿರಿ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೊನ್ನೆ ಭಾನುವಾರ ಶಾಲೆಯ ಹಾಲ್‌ನಲ್ಲಿ ನಿಮ್ಮ ಸಂತಾಪ ಸಭೆ ಆಯಿತು. ನನಗೆ ಇವತ್ತಿಗೂ ಮೈ ಉರಿಯುತ್ತಿದೆ. ನೀವು ಹೋಗಿ ಎರಡು ತಿಂಗಳಾಗಿಲ್ಲ, ಕ್ರೀಡಾ ಸಮಿತಿಯ ಅಧ್ಯಕ್ಷರು ಮೈಕು ಹಿಡಿದು ನಮ್ಮ ಆ ಹಳೇ ಫುಟ್‌ಬಾಲ್ ಫೈನಲ್ಲಿನ ಕಥೆ ತೆಗೆದರು. "ಅವತ್ತು ಸಾಗರದ ಟೀಮು ನಮ್ಮನ್ನ ಸೋಲಿಸಲಿಲ್ಲ. ನಮ್ಮ ಹುಡುಗರ ಬಡತನ ಸೋಲಿಸ್ತು" ಅಂದರು. ಜನ ಚಪ್ಪಾಳೆ ತಟ್ಟಿದರು. ಸಂತಾಪ ಸಭೆಯಲ್ಲಿ ಚಪ್ಪಾಳೆ! ಥೂ.

ಬೂಟಿಗೆ ಅಂತ ಬಡ ಹುಡುಗರ ಪಟ್ಟಿ ಬರೆದ ದಿನ ನೆನಪಿದೆಯಾ ನಿಮಗೆ? ಚೀನಾ ಯುದ್ಧದ ಮರುವರ್ಷ. ಫೈನಲ್ಲು ನಮ್ಮೂರ ಮೈದಾನದಲ್ಲೇ ಅಂತ ಗೊತ್ತಾದದ್ದೇ ತಡ, ಹೊಸನಗರದಿಂದ ದೊಡ್ಡ ಮನುಷ್ಯರು ಬರುತ್ತಾರೆ, ಹುಡುಗರು ಬರಿಗಾಲಲ್ಲಿ ಆಡಿದರೆ ಊರಿನ ಮರ್ಯಾದೆ ಏನಾಗಬೇಕು ಅಂತ ಇದೇ ಅಧ್ಯಕ್ಷರಿಗೆ ಚಿಂತೆ ಹತ್ತಿತು. ಶಿವಮೊಗ್ಗದಿಂದ ಬೂಟು ತರಿಸುತ್ತೇವೆ, ಆದರೆ ಬಡ ವಿದ್ಯಾರ್ಥಿಗಳಿಗೆ ಮಾತ್ರ, ಪಟ್ಟಿ ಕೊಡಿ ಅಂದರು. "ಬಡವ ಅಂದ್ರೆ ಯಾರು ಅಂತ ಬರ್ಕೊಳ್ಲಿ ಸ್ವಾಮಿ?" ಅಂತ ಕೇಳಿದಿರಿ ನೀವು. "ಅದಕ್ಕೆಂತ ತಲೆ ಕೆಡಿಸ್ಕೊಳ್ತೀರಿ ಮಾರಾಯ್ರೇ? ಕಾಲಿಗೆ ಮೆಟ್ಟು ಇಲ್ದವ ಬಡವ. ಮುಗೀತು." ನಮ್ಮ ಕಡೆ ಆಗ ಮೆಟ್ಟು ಹಾಕುತ್ತಿದ್ದವರಾದರೂ ಯಾರು? ಅಧ್ಯಕ್ಷರೇ ವರ್ಷದಲ್ಲಿ ಆರು ತಿಂಗಳು ಬರಿಗಾಲು. ನೀವು ಒಂದಿಷ್ಟೂ ನಗದೆ ಹನ್ನೊಂದು ಹೆಸರನ್ನೂ ಬರೆದಿರಿ. ಮೊದಲನೆಯದೇ ಅವರ ಅಣ್ಣನ ಮಗ ಸೀನನದು. ಅವರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. "ಅವ ಇದ್ದೂ ಹಾಕಲ್ಲ. ಇವ್ರಿಗೆ ಇಲ್ವೇ ಇಲ್ಲ. ಅಷ್ಟೂ ಗೊತ್ತಾಗಲ್ವಾ ನಿಮ್ಗೆ?"

ಬೂಟು ಹಂಚಿದ ಸಂಜೆ ನನ್ನನ್ನು "ಬಡ ವಿದ್ಯಾರ್ಥಿ ನಾಗಪ್ಪ" ಅಂತ ಕೂಗಿ ವೇದಿಕೆಗೆ ಕರೆದರು. ಅವತ್ತಿನವರೆಗೆ ನನಗೆ ಆ ಹೆಸರಿರಲಿಲ್ಲ. ನಮ್ಮದು ಗೇಣಿ ಗದ್ದೆ, ನಿಜ. ಆದರೆ ಕೊಟ್ಟಿಗೆಯಲ್ಲಿ ಕರೆಯುವ ಹಸು ಇತ್ತು, ಗಂಜಿಗೆ ತುಪ್ಪ ಇತ್ತು, ಬಂದ ನೆಂಟರು ಊಟ ಮಾಡದೆ ಹೋದದ್ದಿಲ್ಲ. ಬೂಟು ಹಿಡಿದು ಮನೆಗೆ ಹೋದರೆ ಅವ್ವ ಅದನ್ನು ಜಗಲಿ ಹತ್ತಿಸಲಿಲ್ಲ. "ನಾವ್ ಯಾರ ಬಾಗ್ಲಿಗೆ ಹೋಗಿ ಹಸಿವು ಅಂದಿದ್ವೋ? ಯಾರ್ ಹೇಳಿದ್ರೋ ನಿಂಗೆ ಬಡವ ಅಂತ?" ಏನು ಹೇಳಲಿ? ಪಟ್ಟಿಯಲ್ಲಿತ್ತು ಅನ್ನಲೇ?

ಮ್ಯಾಚಿನ ದಿನ ನೀವು ಒಬ್ಬೊಬ್ಬರ ಮುಂದೆಯೂ ಮೊಣಕಾಲೂರಿ ಕೂತು ಲೇಸು ಕಟ್ಟಿದಿರಿ. ಹತ್ತು ಜನರಿಗೆ. ಟೀಮಿನಲ್ಲಿ ಬಡವನಲ್ಲದ ಒಬ್ಬನೇ ಒಬ್ಬ ಸೀನ ಬರಿಗಾಲಲ್ಲಿ ನಿಂತು "ನಂಗೂ ಬೇಕಿತ್ತು ಸಾರ್" ಅಂತ ಮುಖ ಊದಿಸಿದ್ದ. ಆಟ ಮುಗಿಯಲು ಇನ್ನೇನು ಐದು ನಿಮಿಷ, ಎರಡೂ ಕಡೆ ಗೋಲಿಲ್ಲ. ಚೆಂಡು ನಮ್ಮ ಬಲಮೂಲೆಗೆ ಉರುಳಿತು. ರೈಟ್ ಬ್ಯಾಕ್ ನಾನು, ನನಗಿಂತ ಹತ್ತಿರ ಯಾರೂ ಇರಲಿಲ್ಲ. ಓಡಿದೆ. ಆ ಮೂಲೆಯಲ್ಲಿ ಎಂತ ಇತ್ತು ಹೇಳಿ? ನೀವು ತೀರ್ಥಹಳ್ಳಿ ಪೇಟೆಯವರು, ನಿಮಗದು ಗಡಿಕಲ್ಲಿನ ಹಾಗೆ ಕಂಡಿರಬೇಕು. ಅದು ಊರು ಕಾಯುವ ನಮ್ಮ ದೇವತೆ ಚೌಡಿ, ಮೇಷ್ಟ್ರೇ. ಆ ಕಲ್ಲಿನ ಆಚೀಚೆ ನಾಲ್ಕು ಮಾರು ಯಾರೂ ಮೆಟ್ಟು ಹಾಕಿ ಹೋಗುವುದಿಲ್ಲ. ಅಷ್ಟು ವರ್ಷ ಬರಿಗಾಲಲ್ಲೇ ಆಡಿದ್ದೆವಲ್ಲ, ಅಡ್ಡಿ ಅನ್ನುವುದೇ ಬಂದಿರಲಿಲ್ಲ. ಅವತ್ತು ಕಾಲು ತಾನಾಗಿ ನಿಂತಿತು. ಯೋಚನೆ ಮಾಡಿ ನಿಂತದ್ದಲ್ಲ. ಕೂತು ಲೇಸು ಬಿಚ್ಚತೊಡಗಿದೆ. ಸಾಗರದ ಹುಡುಗನಿಗೆ ಅದು ಬರೀ ಕಲ್ಲು. ಬೂಟುಗಾಲಲ್ಲೇ ನುಗ್ಗಿ ಚೆಂಡನ್ನು ಗೋಲಿನ ಮುಂದಕ್ಕೆ ದಾಟಿಸಿದ, ಅವರಲ್ಲೇ ಇನ್ನೊಬ್ಬ ಗೋಲು ಹೊಡೆದ. ನಾನು ಒಂದು ಬೂಟು ಕೈಯಲ್ಲಿ ಹಿಡಿದು ನೋಡುತ್ತಿದ್ದೆ.

ಆಮೇಲೆ ಬಾವಿಕಟ್ಟೆಯ ಹತ್ತಿರ ನೀವು ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದಿರಿ: "ಎಂತ ಆಯ್ತೋ ನಾಗಪ್ಪ? ಗಂಟು ಬಿಗಿಯಾಗಿತ್ತನಾ?" ನಾನು "ಹೂಂ ಸಾರ್" ಅಂದೆ.

ಹೂಂ ಅಂದೆ! ಆ ಹೊತ್ತಿಗಾಗಲೇ ಅಧ್ಯಕ್ಷರು ದೊಡ್ಡ ಮನುಷ್ಯರ ಮುಂದೆ "ಪಾಪ, ಬೂಟು ಕಂಡವೇ ಅಲ್ಲ ಇವು, ಬಡತನ ನೋಡಿ" ಅಂತ ಶುರುಮಾಡಿದ್ದರು. ಬಡವ ಅಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಚೌಡಿಗೆ ಹೆದರಿ ಮ್ಯಾಚು ಬಿಟ್ಟ ಅಂದರೆ ಹೊಟ್ಟೆ ಹಿಡಿದು ನಗುತ್ತಾರೆ. ನಾನು ಅಯ್ಯೋ ಪಾಪವನ್ನು ಆರಿಸಿಕೊಂಡೆ. ನನ್ನ ಮೇಲೆ ನನಗಿರುವ ಹೇಸಿಗೆಯ ಮುಂದೆ ಅಧ್ಯಕ್ಷರ ಮೇಲಿನದು ಏನೂ ಅಲ್ಲ. ಹುಡುಗರಿಗೆ ಬೂಟು ಕಟ್ಟಿ ಅಭ್ಯಾಸ ಮಾಡಿಸಲಿಲ್ಲ ಅಂತ ಸಮಿತಿಯವರು ನಿಮ್ಮ ಕೈಯಿಂದ ಫುಟ್‌ಬಾಲ್ ಕಿತ್ತುಕೊಂಡರು. ಚೆಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನೀವು ಒಂದು ಮಾತೂ ಎದುರಾಡಲಿಲ್ಲ. ಗಂಟು ಬಿಗಿದ ನನ್ನದೇ ತಪ್ಪು ಅಂದುಕೊಂಡಿದ್ದಿರಲ್ಲವಾ? ಸಾಯುವ ತನಕ ಹಾಗೇ ಅಂದುಕೊಂಡಿದ್ದಿರಾ? ಆ ವರ್ಷಗಳೆಲ್ಲ ನಾನು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಟಿಕೆಟ್ ಹರಿಯುತ್ತಾ ಕೂತಿದ್ದೆ. ಊರಿಗೆ ಬಂದಾಗೆಲ್ಲ ನಿಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿದ್ದೆ. ಒಳಗೆ ಬಂದು ಹೇಳಬಹುದಿತ್ತು, ಆದರೆ...

ಬಡತನ ಅಂದರೆ ಎಂತ ಅಂತ ನೀವು ಕೇಳಿದ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ. ಮೆಟ್ಟಿಲ್ಲದಿರುವುದಲ್ಲ ಅದು. ಹಸಿವು ಇರಬಹುದು, ನಾನು ಹಸಿದವನಲ್ಲ, ಆ ಬಗ್ಗೆ ನಾನು ಮಾತಾಡಬಾರದು. ನನಗೆ ಗೊತ್ತಿರುವ ಬಡತನ ಇಷ್ಟೇ: ನಿನಗೆ ಏನಾಯಿತು ಅಂತ ನಿನ್ನನ್ನು ಕೇಳದೆ, ನಿನಗೆ ಇಂಥದ್ದಾಯಿತು ಅಂತ ಇನ್ನೊಬ್ಬ ಊರಿಗೆಲ್ಲ ಹೇಳುವುದು. ಅವತ್ತು ಅಷ್ಟು ಜನರಲ್ಲಿ ನನ್ನನ್ನು ಕೇಳಿದವರು ನೀವೊಬ್ಬರೇ. ನಿಮಗೇ ಸುಳ್ಳು ಹೇಳಿದೆ.

ಮೊನ್ನೆ ಸಭೆಯಲ್ಲಿ ಭಾಷಣ ಅಲ್ಲಿಗೇ ನಿಂತಿದ್ದರೆ ನಾನು ಈ ಸಲವೂ ಸುಮ್ಮನಿರುತ್ತಿದ್ದೆನೋ ಏನೋ. ವೇದಿಕೆಯ ಮೇಲೆ ಒಂದು ಹೊಲಿಗೆ ಮಿಷನ್ನು ತಂದಿಟ್ಟಿದ್ದರು, ಹಾರ ಬೇರೆ ಹಾಕಿ. "ಬಡ ಮೇಷ್ಟ್ರ ಬಡ ಸಂಸಾರಕ್ಕೆ ನಮ್ಮ ಸಮಿತಿಯ ಸಹಾಯ" ಅಂತ ಘೋಷಿಸಿ ನಿಮ್ಮ ಮನೆಯವರನ್ನು, ನಾವೆಲ್ಲ ಅಮ್ಮ ಅನ್ನುವವರನ್ನು, ಮೇಲೆ ಕರೆದರು. ನಿಮ್ಮ ಮನೆಯಲ್ಲಿ ಮಿಷನ್ನು ಇದೆಯೋ ಅಂತ ಒಬ್ಬನಾದರೂ ಕೇಳಿದ್ದನಾ? ನಮ್ಮ ಟೀಮಿನ ಚಡ್ಡಿಗಳನ್ನೆಲ್ಲ ಅಮ್ಮ ಮತ್ತೆ ಯಾವುದರಲ್ಲಿ ಹೊಲಿದದ್ದು? ಅಮ್ಮ ಮುಂದಿನ ಬೆಂಚಿನಲ್ಲಿ ಸೆರಗು ಬಿಗಿಹಿಡಿದು ತಲೆ ತಗ್ಗಿಸಿದರು. ವೇದಿಕೆ ಮೇಲೆ ಬೂಟು ಹಿಡಿದು ನಿಂತಾಗ ನನಗಾದದ್ದು ಅವರಿಗೂ ಆಗುತ್ತಿತ್ತು. ನಾನು ಎದ್ದೆ.

"ಅಧ್ಯಕ್ಷರೇ, ಆ ಮ್ಯಾಚು ಬಡತನದಿಂದ ಸೋತದ್ದಲ್ಲ. ನಾನು ಸೋಲಿಸಿದ್ದು. ಚೌಡಿ ಹತ್ರ ಮೆಟ್ಟು ಹಾಕಿ ಹೋಗ್ಬಾರ್ದು ಅಂತ ಬಿಚ್ಚೋಕೆ ಕೂತೆ. ಮೇಷ್ಟ್ರು ಕಟ್ಟಿದ್ದ ಗಂಟು ಸರಿಯಾಗೇ ಇತ್ತು. ಅವ್ರಿಗೆ ಸುಳ್ಳು ಹೇಳಿದವ ನಾನು."

ಹಾಲ್‌ನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗಲಿ. "ಕೂತ್ಕೊಳ್ಳೋ ಮಾರಾಯ, ದುಃಖದಲ್ಲಿ ಎಂತೆಂತದೋ ಮಾತಾಡ್ತಿದಾನೆ" ಅಂದರು ಅಧ್ಯಕ್ಷರು. ಸೀನ ಹಿಂದಿನಿಂದ "ಇಲ್ಲ ಚಿಕ್ಕಪ್ಪ, ಸರೀ ಹೇಳ್ತಿದಾನೆ, ನಾನೂ ಆಗ್ಲೇ ನೋಡಿದ್ದೆ" ಅಂತ ಕೂಗಿದ. ಅವನೂ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ, ನೋಡಿ ನಮ್ಮ ಜಾತಕ! ಅಷ್ಟರಲ್ಲಿ ಅಮ್ಮ ಎದ್ದು, ವೇದಿಕೆಯ ಕಡೆ ತಿರುಗಿಯೂ ನೋಡದೆ, ಬಾಗಿಲ ಕಡೆ ನಡೆದರು. ನಾನು ಹಿಂದೆ ಹೋದೆ.

ಬೈಯುತ್ತಾರೆ ಅಂತ ಕಾದೆ. ಅರ್ಧ ದಾರಿಯಲ್ಲಿ ಅಮ್ಮ ನಿಂತು ಕೇಳಿದರು.

"ಆ ಮ್ಯಾಚು ಎಷ್ಟಕ್ಕೆ ಸೋತಿದ್ದೋ?"

"ಒಂದು ಗೋಲಿಗೆ, ಅಮ್ಮ."

"ಒಂದೇನಾ?" ಅವರ ಕಣ್ಣು ದೊಡ್ಡದಾಯಿತು. "ನಾನು ಹತ್ತೋ ಹನ್ನೆರಡೋ ಅಂದ್ಕೊಂಡಿದ್ನಲ್ಲೋ! ಬರೀ ಒಂದಕ್ಕಾ ಈ ಮನುಷ್ಯ ಇಷ್ಟು ವರ್ಷ ಸರಿಯಾಗಿ ಊಟ ಮಾಡದೆ, ನನ್ ಹತ್ರಾನೂ ಬಾಯಿ ಬಿಡದೆ ಕೂತಿದ್ದು?"

ಆಮೇಲೆ ನಿಮ್ಮನ್ನು ಬೈಯತೊಡಗಿದರು. ಅಳುತ್ತಲೇ, ಮನೆ ಮುಟ್ಟುವವರೆಗೂ ಬೈದರು. ನಾನು ತಡೆಯಲಿಲ್ಲ ಮೇಷ್ಟ್ರೇ.

ನಿಮ್ಮ ರೈಟ್ ಬ್ಯಾಕ್,
ನಾಗಪ್ಪ