ಅರ್ಕಾವತ್ತು ಮಾಡಿದ ಕೆಲಸ

ನವೆಂಬರ್ ೧೪, ಶುಕ್ರವಾರ

ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಕೈಗೆ ನಾಲ್ಕು ಜನರ ಮುಂದೆ ಪುಸ್ತಕ ಕೊಡಬಾರದು. ಕಾಡಿನ ಈ ಧ್ಯಾನ ಶಿಬಿರಕ್ಕೆ ಬಂದದ್ದೇ ಹೆಂಡತಿಯ ಕಾಟಕ್ಕೆ. ಕಣ್ಣು ಮುಚ್ಚಿ ಕೂತರೆ ಸಾಕು ಅಂದಿದ್ದಳು. ಓದುವುದೂ ಇದೆ ಅಂತ ಹೇಳಲೇ ಇಲ್ಲ.

ಬೆಳಿಗ್ಗೆ ಮರದಡಿ ನನ್ನ ಸರದಿ ಬಂತು. ‘ಅಂತರ್ಮುಖನಾದವನಿಗೆ ಶಾಂತಿ’ ಅಂತಿತ್ತು. ಅಕ್ಷರದ ಹಿಂದೆ ಕೂತ ಅರ್ಕಾವತ್ತನ್ನು ಅದಕ್ಕಿಂತ ಮೊದಲು ಓದಬೇಕೆಂಬುದು ನನಗೆ ಯಾವತ್ತೂ ನೆನಪಿರುವುದಿಲ್ಲ. ‘ಅಂಥ ಮೂರ್ಖನಾದವನಿಗೆ ಶಾಂತಿ’ ಎಂದು ಗಟ್ಟಿಯಾಗಿ ಓದಿಬಿಟ್ಟೆ. ಎಲ್ಲರೂ ಗೊಳ್ಳೆಂದರು. ಪುಸ್ತಕ ಬಿಸಾಕಿ, ನಾನು ಮನೆಗೆ ಹೊರಟೆ ಅಂದೆ.

ಶಿಬಿರ ನಡೆಸುವಾಕೆ ಹಿಂದೆ ನರ್ಸ್ ಆಗಿದ್ದವರು. ಅವರು ನಗಲಿಲ್ಲ. ಪುಸ್ತಕ ಎತ್ತಿ ಮಣ್ಣು ಒರೆಸಿದರು.

“ಇಪ್ಪತ್ತು ವರ್ಷದಿಂದ ನಾನು ಸರಿಯಾಗೇ ಓದ್ತಿದ್ದೀನಿ ಯಜಮಾನ್ರೇ, ಶಾಂತಿ ಇನ್ನೂ ಸಿಕ್ಕಿಲ್ಲ. ನೀವು ಓದಿದ್ದೇ ಸರಿ ಇರ್ಬೇಕು.”

“ತಮಾಷೆ ಮಾಡ್ತೀರಾ?”

“ಇಲ್ಲ, ನಿಜವಾಗ್ಲೂ.”

ಆ ಮುಖದಲ್ಲಿ ಕುಹಕ ಹುಡುಕಿದೆ, ಸಿಗಲಿಲ್ಲ. ದೊಡ್ಡ ಮನಸ್ಸಿನ ಹೆಂಗಸು. ಗುರುವಿನ ಪೀಠದಿಂದ ಇಷ್ಟು ಸಲೀಸಾಗಿ ಇಳಿದವರನ್ನು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ಕೂತು, ತಡವರಿಸುತ್ತಲೇ ಇಡೀ ಪುಟ ಓದಿದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ, ಕಾದರು.

“ಬೆಳಿಗ್ಗೆ ಬಸ್ಸಿಗೆ ಹೋಗೋಣ್ವಾ?” ಅಂತ ಜೊತೆಗೆ ಬಂದಿರುವ ಹೆಂಡತಿ ಈಗ ರಾತ್ರಿ ಕೇಳಿದಳು.

“ಸುಮ್ನೆ ಮಲ್ಕೋ. ನಾಳೆ ಮೊದ್ಲು ನಾನೇ ಓದ್ತೀನಿ ಅಂತ ಹೇಳಿ ಬಂದಿದ್ದೀನಿ.”

ಯಾವ ಧೈರ್ಯದ ಮೇಲೆ ಹೇಳಿದೆನೋ. ಕಣ್ಣು ಎಳೆಯುತ್ತಿದೆ, ನಾಳೆಯ ಪುಟದಲ್ಲಿ ಇನ್ನೂ ಎರಡು ಸಾಲು ನೋಡಿಕೊಂಡು...