ವಾಡಿಯೊಳಗೆ ಅವ್ವನ ರಾವೂರ

೧೪ ಡಿಸೆಂಬರ್ ೨೦೨೫, ರವಿವಾರ

ಅವ್ವನನ್ನು ಒಬ್ಬಳನ್ನೇ ಹೊರಗೆ ಬಿಡಬೇಕೋ ಬೇಡವೋ ಅನ್ನೋದೇ ಈ ತಿಂಗಳೆಲ್ಲ ಚಿಂತೆ. ಎಪ್ಪತ್ತೆಂಟು ವಯಸ್ಸು. ತನ್ನ ಹಳ್ಳಿ ರಾವೂರ ಬಿಟ್ಟು ವಾಡಿಗೆ ನನ್ನ ಹತ್ತಿರ ಬಂದ ಮೇಲೆ, ಬುದ್ಧ ವಿಹಾರಕ್ಕೆ ಹೋಗುತ್ತ ಎರಡು ಸಲ ದಾರಿ ತಪ್ಪಿದ್ದಳು. ವಯಸ್ಸಾದ ಮಿದುಳಿನಲ್ಲಿ ಹಳೇ ದಾರಿಗಳು ಉಳಿದಿರುತ್ತವೆ, ಹೊಸವು ಕೂಡೋದು ಕಷ್ಟ ಎಂದಿದ್ದರು ಡಾಕ್ಟರು.

ಇವತ್ತು ಮುಂಜಾನೆ ಹಠ ಹಿಡಿದು ಹೊರಟಳು. ನಾನು ಸದ್ದಿಲ್ಲದೆ ಹಿಂದೆ ಹೋದೆ. ನೀರಿನ ಟಾಕಿ ಹತ್ತಿರ ಭಾಳ ಹೊತ್ತು ನಿಂತಳು. ಓಡಿಹೋಗಿ ಕೈ ಹಿಡಿಯಬೇಕು ಅನ್ನಿಸಿತು, ತಡೆದುಕೊಂಡೆ. ಆಮೇಲೆ ಸರಿಯಾಗಿ ಬಲಕ್ಕೆ ತಿರುಗಿದಳು. ಮೊಬೈಲ್ ಅಂಗಡಿ ದಾಟಿ, ವಿಹಾರದ ಮುಂದೆಯೇ ಚಪ್ಪಲಿ ಬಿಟ್ಟಳು.

"ದಾರಿ ಹೆಂಗ ಗೊತ್ತಾತವ್ವಾ?" ಎಂದೆ, ಹತ್ತಿರ ಹೋಗಿ.

"ರಾವೂರದ ದಾರಿನೇ ಹಿಡದು ಬಂದೀನಿ, ಲುಂಬಿನಿ. ಟಾಕಿ ಅಂದ್ರ ನಮ್ಮ ಬೇವಿನ ಗಿಡ. ಮೊಬೈಲ್ ದುಕಾನ ಅಂದ್ರ ಬಾವಿ. ವಿಹಾರ ಇದ್ದಲ್ಲಿ ನಮ್ಮ ತೊಗರಿ ಹೊಲ."

ಹೊಸ ಊರು ತಲೆಯಲ್ಲಿ ನಿಲ್ಲಲಿಲ್ಲ ಅಂತ, ಹಳೇ ಊರನ್ನೇ ತಂದು ಅದರ ಮೇಲೆ ಹಾಸಿಬಿಟ್ಟಿದ್ದಾಳೆ! ಸಾಲಿ ಮೆಟ್ಟಿಲು ಹತ್ತದ ನನ್ನ ಅವ್ವ. ಯಾರು ಕಲಿಸಿದರು ಇದನ್ನು?

ತಿರುಗಿ ಬರುವಾಗ ಕೇಳಿದೆ, "ಹಂಗಾರ ನಮ್ಮ ಮನಿ ಎಲ್ಲಿ ಬರ್ತದ?"

"ಅದಾ? ಅದು ನಮ್ಮವ್ವನ ಮನಿ."

ಎಷ್ಟು ಸರಳವಾಗಿ ಅಂದಳು. ಅಂದರೆ ದಿನಾ ಅವಳು ಬಂದು ತಟ್ಟೋದು ತನ್ನ ಅವ್ವನ ಬಾಗಿಲು. ತೆಗೆಯುವಾಕಿ ನಾನು. ಆ ಗಳಿಗೆ ನನ್ನ ಮುಖ ಅವಳಿಗೆ ತನ್ನ ಅವ್ವನ ಮುಖವಾಗಿಯೇ ಕಾಣುತ್ತಿರಬೇಕು.